ತಟ್ಟೆಯೊಳಗಿನ ಕಾರ್ಪೊರೇಟರ್

ನಾನು ಕೆಮ್ಮಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ನಿಮ್ಮ ಎಂಜಿನ್, ಅವರ ಎಂಜಿನ್ ಎಂಬ ಭೇದವಿಲ್ಲ. ಒಮ್ಮೆ ಯಶವಂತನಗರದ ಏರಿನಲ್ಲಿ ಅದಿರು ತುಂಬಿದ ಲಾರಿಯೊಂದು ನಿಂತುಬಿಟ್ಟು, ಅದರ ಹಿಂದೆ ಸಂಡೂರಿನವರೆಗೆ ಲಾರಿಗಳ ಸಾಲು ಹತ್ತಿತ್ತು. ಕಂಪನಿಯ ಮೆಕ್ಯಾನಿಕ್ಕುಗಳು ಬಂದರು, ಬಗ್ಗಿ ನೋಡಿದರು, ಎದ್ದು ಹೋದರು. ನಾನು ಹೊಸಪೇಟೆಯ ನಮ್ಮ ಮನೆಯ ಮಾಳಿಗೆ ಮೇಲೆ ನಿಂತು, ಆ ದಿಕ್ಕಿಗೆ ಮುಖ ಮಾಡಿ, ಒಂದು ಸಲ ಕೆಮ್ಮಿದೆ. ಲಾರಿ ಸ್ಟಾರ್ಟ್. ನಡುವೆ ಗುಡ್ಡ ಇದೆಯಲ್ಲ ಎಂದು ಕೇಳುವವರಿಗೆ ಹೇಳುತ್ತೇನೆ, ಗೋಡೆಗೇ ಕಿವಿ ಇರುವಾಗ ಗುಡ್ಡಕ್ಕೆ ಇರಬಾರದೇ. ಅನುಮಾನವಿದ್ದರೆ ಪಂಪೇಶನನ್ನು ವಿಚಾರಿಸಿ. ಅವನು ಅಲ್ಲೇ ಕಂಪನಿಯ ವರ್ಕ್‌ಶಾಪಿನಲ್ಲಿದ್ದಾನೆ. ನನ್ನ ಜೊತೆ ಓದಿದವನು. ನನ್ನ ಪರವಾಗಿ ಸುಳ್ಳು ಹೇಳುವ ಒಳ್ಳೆಯ ಅಭ್ಯಾಸ ಅವನಿಗೆ ಶಾಲೆಯಿಂದಲೇ ಇದೆ.

ಇಂಥ ನಾನು ಹೊಟ್ಟೆಪಾಡಿಗೆ ಹಂಪಿ ಬಜಾರಿನ ಬಾಯಿಗೆ ತಳ್ಳುಗಾಡಿ ನಿಲ್ಲಿಸಿ ಯಾತ್ರಿಕರಿಗೆ ಟೋಪಿ ಮಾರುತ್ತೇನೆ. ನೀಲಿ ಬಟ್ಟೆಯ ಟೋಪಿ, ಹಣೆಯ ಮೇಲೆ ಹಳದಿ ದಾರದಲ್ಲಿ 'ಹಂಪಿ' ಎಂದು ಹೊಲಿದಿರುತ್ತದೆ. ನನ್ನ ಮಾವ, ಮೆಟ್ರಿಯ ಪಾಲಪ್ಪನವರು, ಊರಲ್ಲಿ ಕೇಳಿದವರಿಗೆಲ್ಲ "ನಮ್ಮ ಅಳಿಯಂದ್ರು ಹಂಪ್ಯಾಗ ಮಂದಿಗೆ ಟೋಪಿ ಹಾಕ್ತಾರ" ಎಂದು ಹೇಳುತ್ತಾರೆ. ಮಾತಿನಲ್ಲಿ ಸುಳ್ಳಿಲ್ಲ. ಧಾಟಿಯಲ್ಲಿ ಮಾತ್ರ ಮರ್ಯಾದೆ ಕಡಿಮೆ.

ನನ್ನ ಹೆಂಡತಿ ದುರ್ಗಾ ನಮ್ಮ ಓಣಿಯ ಹೆಂಗಸರನ್ನು ಕೂಡಿಸಿ ಸುಂಕಲಮ್ಮ ಮಹಿಳಾ ಸಂಘ ಕಟ್ಟಿದ್ದಾಳೆ. ಇವರೆಲ್ಲ ಬೆಳಗಾದರೆ ಟೆಂಪೊದಂಥ ಗೂಡ್ಸ್ ಗಾಡಿಯಲ್ಲಿ ಕುರಿಗಳ ಹಾಗೆ ನಿಂತು ಕಂಪ್ಲಿ ಕಡೆಯ ಗದ್ದೆಗಳಿಗೆ ಕೂಲಿಗೆ ಹೋಗುವವರು. ನಮ್ಮ ಮನೆಯ ಎದುರಿಗೇ ವಾರ್ಡಿನ ಪಾರ್ಕಿದೆ. ಎಮ್ಮೆ ಹೊಕ್ಕರೆ ಕೋಡೂ ಕಾಣದಷ್ಟು ಹುಲ್ಲು. ಆ ಪಾರ್ಕನ್ನು ನೋಡಿಕೊಳ್ಳುವ ಕೆಲಸ ಸಂಘಕ್ಕೆ ಸಿಕ್ಕರೆ ಗೂಡ್ಸ್ ಗಾಡಿಯ ಪ್ರಯಾಣ ತಪ್ಪುತ್ತದೆ ಎಂದು ದುರ್ಗಾ ಮಳೆಗಾಲದಿಂದ ಅಲೆದಿದ್ದಳು. ಸಂಘದವರು ಕೂಡಿ ಹುಲ್ಲು ಕೊಯ್ಯುವ ಮಷಿನ್ ಕೂಡ ಕೊಂಡಿದ್ದರು. ಉದ್ದನೆಯ ಕೋಲು, ಒಂದು ತುದಿಗೆ ತಿರುಗುವ ಬ್ಲೇಡು, ಇನ್ನೊಂದು ತುದಿಗೆ ಪೆಟ್ರೋಲಿನ ಪುಟ್ಟ ಎಂಜಿನ್. ಹಗ್ಗ ಎಳೆದರೆ ಬರ್ರೆನ್ನಬೇಕು.

ಸೋಮವಾರ ಬೆಳಿಗ್ಗೆ ಕಾರ್ಪೊರೇಟರ್ ಮೂಕಪ್ಪನವರ ಎದುರು ಹುಲ್ಲು ಕೊಯ್ದು ತೋರಿಸಿದರೆ ಪಾರ್ಕು ಸಂಘಕ್ಕೆ. ಇಲ್ಲದಿದ್ದರೆ ಕಂಪ್ಲಿಯ ಒಬ್ಬ ಗುತ್ತಿಗೆದಾರನಿಗೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿರುವುದು ನಗರಸಭೆ. ಅದರಲ್ಲಿ ಗೆದ್ದವರನ್ನು ಸದಸ್ಯರು ಎನ್ನಬೇಕು. ಆದರೆ ಮೂಕಪ್ಪನವರು ಒಮ್ಮೆ ಬಳ್ಳಾರಿಗೆ ಮದುವೆಗೆ ಹೋಗಿ, ಅಲ್ಲಿ ಯಾರನ್ನೋ ಜನ ಕಾರ್ಪೊರೇಟರ್ ಎಂದು ಕರೆಯುವುದನ್ನು ಕೇಳಿ ಬಂದರು. ಅಂದಿನಿಂದ ಸದಸ್ಯರೇ ಎಂದರೆ ತಿರುಗಿ ನೋಡುವುದಿಲ್ಲ. ಹೆಸರಿಗೆ ಮೂಕಪ್ಪ, ಅವರು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅವರ ಈ ಒಂದು ಆಸೆಯಿಂದಲೇ ಮುಂದಿನದೆಲ್ಲ ನಡೆಯಿತು. ನನ್ನ ತಪ್ಪು ಅದರಲ್ಲಿ ಎಳ್ಳಿನಷ್ಟು. ಎಳ್ಳು ಸ್ವಲ್ಪ ದೊಡ್ಡದಿರಬಹುದು.

ಶನಿವಾರ ಮಧ್ಯಾಹ್ನ ಮಷಿನ್ ಸ್ಟಾರ್ಟ್ ಆಗಲಿಲ್ಲ. ದುರ್ಗಾ ಎಳೆದಳು, ಸಂಘದ ಚೆನ್ನಬಸಮ್ಮ ಎಳೆದಳು, ಹಗ್ಗ ಉದ್ದವಾಯಿತೇ ಹೊರತು ಸದ್ದು ಬರಲಿಲ್ಲ.

"ಗ್ಯಾರೇಜಿಗೆ ಒಯ್ಯೋಣ" ಎಂದಳು ದುರ್ಗಾ.

"ನಾನು ಸತ್ತೀನೇನು?" ಎಂದೆ.

ಮಾವ ಪಾಲಪ್ಪನವರು ಮಗಳ ಗೆಲುವು ನೋಡಲೆಂದು ಅಂದೇ ಬೆಳಿಗ್ಗೆ ಮೆಟ್ರಿಯಿಂದ ತಮ್ಮ ಹಳೆಯ ಮೊಪೆಡ್ ಹತ್ತಿ ಬಂದಿದ್ದರು. ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ ಹೇಳಿದರು. "ಅಳಿಯಂದ್ರ, ಅದು ಟೋಪಿ ಅಲ್ರಿ. ಮಷಿನ್ನು."

"ಮಾವ, ಸೋಮವಾರ ನೋಡ್ರಿ" ಎಂದು ಹೇಳಿ, ಮಷಿನ್ನನ್ನು ಮೆಟ್ಟಿಲ ಕೆಳಗೆ ಅವರ ಮೊಪೆಡ್ಡಿನ ಪಕ್ಕಕ್ಕೆ ಒರಗಿಸಿ, ಎರಡಕ್ಕೂ ಕೂಡಿ ಒಂದೇ ತಾಡಪತ್ರಿ ಹೊದಿಸಿದೆ. ಎಂಜಿನ್ನಿಗೂ ವಿಶ್ರಾಂತಿ ಬೇಕು. ನನಗೂ ಯೋಚನೆ ಮಾಡಲು ಸಮಯ ಬೇಕಿತ್ತು.

ಮಾಳಿಗೆ ಹತ್ತಿ ಪಂಪೇಶನಿಗೆ ಫೋನ್ ಮಾಡಿದೆ. ಯಶವಂತನಗರದಲ್ಲಿ ಅವನ ಹಿಂದೆ ಲಾರಿಗಳ ಸದ್ದು, ಇಲ್ಲಿ ನೆಟ್‌ವರ್ಕಿನ ಕೊಸರಾಟ. ಹಾಗಾಗಿ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಯಿತು. ಎಷ್ಟು ಗಟ್ಟಿಯೆಂದರೆ, ಫೋನ್ ಇಲ್ಲದಿದ್ದರೂ ಅವನಿಗೆ ಕೇಳುತ್ತಿತ್ತು.

ಪಂಪೇಶ ಹೇಳಿದ್ದು ಇಷ್ಟೇ. ಟಾಕಿಯಿಂದ ಪೆಟ್ರೋಲು ಬಂದು ಗಾಳಿಯ ಜೊತೆ ಬೆರೆಯುವ ಒಂದು ಪುಟ್ಟ ಭಾಗ ಇರುತ್ತದೆ, ಮಷಿನ್ ನಿಂತುಹೋದರೆ ಅದರಲ್ಲೇ ಕಸ ಸಿಕ್ಕಿರುತ್ತದೆ, ಬಿಚ್ಚಿ ತೊಳೆ. ಪುಸ್ತಕದಲ್ಲಿ ಅದರ ಹೆಸರು ಕಾರ್ಬುರೇಟರ್. ಆದರೆ ನಮ್ಮ ಕಡೆ ಮೆಕ್ಯಾನಿಕ್ಕುಗಳು ಪುಸ್ತಕ ಓದಿ ಗಾಡಿ ಬಿಚ್ಚುವುದಿಲ್ಲ. ಅವರೆಲ್ಲರ ಬಾಯಲ್ಲಿ ಅದು ಕಾರ್ಪೊರೇಟರ್.

ಮಾಳಿಗೆಯ ಈ ಕಡೆಯಿಂದ ಕೇಳಿದ್ದು ಹೀಗಿತ್ತು.

"ಲೇ ಪಂಪೇಶ, ಜ್ವಾರಾಗಿ ಹೇಳಲೇ… ಏನು, ಕಾರ್ಪೊರೇಟರ್ ಕೆಟ್ಟೈತಾ? ನನಗೂ ಮೊದಲಿಂದ ಅನುಮಾನ ಇತ್ತು… ಬಾಯಾಗ ಕಸ ಸಿಕ್ಕಿರ್ತೈತಿ, ಹೌದ್ಹೌದು… ಪೂರ್ತಿ ಬಿಚ್ಚಬೇಕಾ? ಬಿಚ್ಚತೀನಿ, ನನಗೇನು ಅಂಜಿಕಿ… ಪೆಟ್ರೋಲ್ನಾಗ ಅದ್ದಿ ಇಡ್ಲಾ?… ತೂತಿಗೆ ತಂತಿ ಹಾಕಿ ಊದಬೇಕು, ಆತು… ಅಷ್ಟಕ್ಕೂ ಸುದ್ದ ಆಗಲಿಲ್ಲಂದ್ರ? ಹಾಂ, ಕಿತ್ತು ಒಗದು ಹೊಸದು ಕುಂದ್ರಸೋದು. ಅದಾ ಪಾಡು. ಹಳೇ ಕಾರ್ಪೊರೇಟರ್‌ಗೆ ಎಷ್ಟಂತ ತಿನ್ನಿಸೋದಲೇ."

ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಜಂಬಕ್ಕ ಅರ್ಧಕ್ಕೇ ಬಿಟ್ಟು ಎದ್ದು ನಿಂತಳು. ನಮ್ಮ ಓಣಿಯಲ್ಲಿ ನಲ್ಲಿಗೆ ನೀರು ಬರುವುದಕ್ಕೆ ಮೊದಲು ಸುದ್ದಿ ಬರುವುದು ಈ ಜಂಬಕ್ಕನಿಂದ.

"ಯಲ್ಲೇಶಪ್ಪ, ಖರೇನೇನು? ಕಾರ್ಪೊರೇಟರ್ ಬದಲಿ ಮಾಡ್ತಿಯಾ?"

"ಮೊದಲು ತೊಳದು ನೋಡ್ತೀನಿ ಜಂಬಕ್ಕ. ತೊಳದ್ರೂ ಬಗ್ಗಲಿಲ್ಲಂದ್ರ ಬದಲೀನ."

"ನೀನಾ ಕುಂದ್ರತಿಯೇನು?"

"ನಾನಲ್ದ ಮತ್ಯಾರು ಕುಂದ್ರಬೇಕು? ಈ ಓಣ್ಯಾಗ ಆ ಕೆಲಸ ತಿಳಿದವರು ಯಾರದಾರ ಹೇಳು."

"ಮೂಕಪ್ಪನೋರಿಗೆ ಗೊತ್ತಾದ್ರ?"

"ಗೊತ್ತಾಗಲಿ. ಸೋಮವಾರ ಎಲ್ಲಾರ ಎದುರಾಗ ತೋರಸ್ತೀನಿ."

ಜಂಬಕ್ಕ ಮೆಟ್ಟಿಲಿಳಿದು ಹೋದ ವೇಗವನ್ನು ಕಂಡು, ಮಷಿನ್ ರಿಪೇರಿಯಲ್ಲಿ ಹೆಂಗಸರಿಗೆ ಇಷ್ಟು ಆಸಕ್ತಿ ಬಂದಿರುವುದು ಒಳ್ಳೆಯದೇ ಎಂದುಕೊಂಡೆ.

ಸಂಜೆ ಕರೆಂಟು ಹೋಯಿತು. ನಿಜವಾದ ಮೆಕ್ಯಾನಿಕ್ಕಿಗೆ ಬೆಳಕು ಬೇಡ, ಬೆರಳಿಗೇ ಕಣ್ಣಿರುತ್ತದೆ. ಮೆಟ್ಟಿಲ ಕೆಳಗೆ ತಾಡಪತ್ರಿಯೊಳಗೆ ಕೈ ಹಾಕಿ, ಟಾಕಿ ತಡವಿ, ಅದರಿಂದ ಇಳಿದ ಪೈಪಿನ ದಾರಿ ಹಿಡಿದು ಹೋಗಿ, ಮುಷ್ಟಿಯಷ್ಟಿದ್ದ ಕಾರ್ಪೊರೇಟರ್ ಹಿಡಿದೆ. ಕಿತ್ತೆ. ಪೈಪಿನಿಂದ ಪೆಟ್ರೋಲು ಅಂಗಿಯ ಮೇಲೆ ಚಿಮ್ಮಿತು. ಕೈಗೆ ಸಿಕ್ಕಿದ ಬಟ್ಟೆ ತುರುಕಿ ಪೈಪಿನ ಬಾಯಿ ಮುಚ್ಚಿದೆ. ಕಿತ್ತದ್ದನ್ನು ಊಟದ ತಟ್ಟೆಯಲ್ಲಿಟ್ಟು ಪೂರ್ತಿ ಬಿಚ್ಚಿದೆ. ಒಂದು ಸ್ಪ್ರಿಂಗು ಹಾರಿ ಎಲ್ಲಿಗೋ ಹೋಯಿತು. ದೊಡ್ಡ ಕೆಲಸಗಳಲ್ಲಿ ಅಂಥವು ಆಗುತ್ತವೆ.

ಭಾನುವಾರ ಬೆಳಿಗ್ಗೆ ಚಹದ ಅಂಗಡಿಗೆ ಹೋದೆ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಹಿಂದೆ ಯಾರಾದರೂ ಬಂದರೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಅಣ್ಣಾರ, ಕುಂದ್ರಿ. ಇವತ್ತು ಚಹ ನಂದು" ಎಂದ ಅಂಗಡಿಯವನು. ಎರಡು ವರ್ಷದಿಂದ ಅವನು ನನ್ನನ್ನು ಅಣ್ಣ ಎಂದದ್ದಿಲ್ಲ, ಬಾಕಿದಾರ ಎಂದಿದ್ದಾನೆ.

ಒಬ್ಬ ಮುದುಕ ಮುಂದೆ ಬಂದು "ನಮ್ಮ ಓಣ್ಯಾಗ ಗಟಾರ ತುಂಬಿ ನಿಂತೈತ್ರಿ" ಎಂದ. ಇನ್ನೊಬ್ಬ ಬೀದಿ ದೀಪದ ಮಾತೆತ್ತಿದ. ನನಗೇಕೆ ಹೇಳುತ್ತಿದ್ದಾರೆ ಎಂದು ತಿಳಿಯಲಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರವಿಲ್ಲ ಎಂದು ಕೈ ಅಲ್ಲಾಡಿಸುವ ಜಾತಿಯವನು ನಾನಲ್ಲ. ನನಗೆ ಗೊತ್ತಿದ್ದ ಒಂದೇ ವಿಷಯ ಮಾತಾಡಿದೆ.

"ನೋಡ್ರಿ, ಎಲ್ಲಾದಕ್ಕೂ ಮೂಲ ಕಾರ್ಪೊರೇಟರ್. ಅದೊಂದು ಸರಿ ಇದ್ರ ಮಿಕ್ಕಿದ್ದು ತಾನಾ ನಡೀತೈತಿ. ಅದು ಕೆಟ್ಟರ ನೀವು ಎಷ್ಟು ಎಳದಾಡಿದ್ರೂ ದಂಡ. ನಾನು ಬಿಚ್ಚಿ ನೋಡೀನಿ, ಒಳಗ ಬರೇ ಹೊಲಸು."

ಮುದುಕ ನಿಧಾನವಾಗಿ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. "ಅದು, ಅದು ಅಂತ ಮಾತಾಡಕತ್ಯಾನ ನೋಡು, ಎಂಥ ಗುಂಡಿಗಿ" ಎಂದು ಯಾರೋ ಪಿಸುಗುಟ್ಟಿದರು. ಮೂಲೆಯಲ್ಲಿ ಕುಳಿತಿದ್ದ ಹಂಪೇಶ ಮಾತ್ರ ಚಹ ಬಿಟ್ಟು ಎದ್ದು ಹೋದ. ಅವನು ಮೂಕಪ್ಪನವರ ಹಿಂದೆ ಓಡಾಡಿ ಅವರ ಫೋಟೋ ತೆಗೆಯುವವನು. ಮಷಿನ್ನಿನ ವಿಷಯ ಎಲ್ಲರಿಗೂ ರುಚಿಸುವುದಿಲ್ಲವಲ್ಲ.

ಮನೆಗೆ ಬಂದರೆ ಮಾವ ಕಟ್ಟೆಯಿಂದ ಎದ್ದು ನಿಂತರು. ಮದುವೆಯ ದಿನವೂ ಅವರು ನನಗೆ ಎದ್ದು ನಿಂತಿರಲಿಲ್ಲ. ಪಕ್ಕಕ್ಕೆ ಕೂಡಿಸಿಕೊಂಡು, ಮೆಟ್ರಿಯಿಂದ ತಂದಿದ್ದ ಬಾಳೆಹಣ್ಣು ತಾವೇ ಸುಲಿದು ಕೈಗಿಟ್ಟರು.

"ಅಳಿಯಂದ್ರ, ಜಂಬಕ್ಕ ಎಲ್ಲಾ ಹೇಳಿದಳು. ನಾ ನಿಮ್ಮನ್ನ ತಿಳಕೊಂಡಿದ್ದಿಲ್ಲ. ಹೇಳ್ರಿ, ಮೆಟ್ರಿಯಿಂದ ಒಂದು ಟ್ರ್ಯಾಕ್ಟರ್ ಮಂದಿ ತರ್ಲೇನು?"

"ಯಾಕ್ರಿ ಮಾವ, ಇಷ್ಟು ಸಣ್ಣ ಕೆಲಸಕ್ಕ? ಒಂದು ಸ್ಕ್ರೂಡ್ರೈವರ್ ಸಾಕು."

ಮಾವ ಅತ್ತಿತ್ತ ನೋಡಿ ನನ್ನ ಹತ್ತಿರಕ್ಕೆ ಸರಿದರು. "ಸ್ಕ್ರೂಡ್ರೈವರ್ ಬ್ಯಾಡ್ರಿ" ಎಂದರು ಮೆಲ್ಲಗೆ. "ಪೊಲೀಸರ ಕಾಟ."

ಬಾಳೆಹಣ್ಣು ತಿಂದು, ತೊಳೆದ ತುಂಡುಗಳ ತಟ್ಟೆ ಹಿಡಿದು, ಕಾರ್ಪೊರೇಟರನ್ನು ಮಷಿನ್ನಿಗೆ ಕೂಡಿಸಲೆಂದು ಮೆಟ್ಟಿಲ ಕೆಳಗೆ ಹೋದೆ. ಹಗಲು, ಬೆಳಕು ಚೆನ್ನಾಗಿತ್ತು. ತಾಡಪತ್ರಿ ಎತ್ತಿ ನೋಡಿದೆ. ಏನು ಕಂಡೆ ಎಂಬುದನ್ನು ಈಗ ಹೇಳುವುದಿಲ್ಲ, ಕಥೆಯ ರುಚಿ ಕೆಡುತ್ತದೆ. ತಾಡಪತ್ರಿಯನ್ನು ಮತ್ತೆ ಮುಚ್ಚಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ತಟ್ಟೆಯೊಂದಿಗೆ ಪಡಸಾಲೆಗೆ ಬಂದು ಕುಳಿತೆ.

ಅಷ್ಟರಲ್ಲಿ ಮೂಕಪ್ಪನವರು ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಹಿಂದೆ ಹಂಪೇಶ, ಅವನ ಹಿಂದೆ ಅರ್ಧ ಓಣಿ. ಜಂಬಕ್ಕ ಕಿಟಕಿಯ ಬಳಿ ಆಗಲೇ ಜಾಗ ಹಿಡಿದಿದ್ದಳು.

"ಏನಪ ಯಲ್ಲೇಶ, ಕಾರ್ಪೊರೇಟರ್ ಬದಲಿ ಮಾಡ್ತೀಯಂತ."

"ಇಷ್ಟು ಜಲ್ದಿ ನಿಮಗೂ ಮುಟ್ತೇನ್ರಿ? ಏನ್ ಮಾಡ್ಲಿ ಸಾಹೇಬ್ರ, ಭಾಳ ತಾಳಿಕೊಂಡ್ವಿ."

"ಈಗಿರೋ ಕಾರ್ಪೊರೇಟರ್‌ಗೆ ಏನಾಗೈತಿ?"

"ಎಣ್ಣಿ ಕುಡೀತೈತ್ರಿ. ಕುಡಿಯೋದಷ್ಟಾ. ಕೆಲಸ ಇಲ್ಲ."

ವಿಡಿಯೋ ಮಾಡುತ್ತಿದ್ದ ಹಂಪೇಶ ಫೋನನ್ನು ಜೇಬಿಗಿಟ್ಟುಕೊಂಡ. ಮೂಕಪ್ಪನವರು ಹಿಂದೆ ತಿರುಗಿ ಜನರನ್ನು ನೋಡಿ, ದನಿ ಇಳಿಸಿದರು.

"ಎಣ್ಣಿ ಕುಡಿಯೋದನ್ನ ನೀ ಎಲ್ಲಿ ನೋಡಿದಿ?"

"ನೋಡಬೇಕಾಗಿಲ್ರಿ, ವಾಸನೀನ ಹೇಳ್ತೈತಿ. ಒಂದು ಹನಿ ಸಾಕಾಗೋ ಕಡೆ ಒಂದು ಲೀಟರ್."

"ಅದು ಹಬ್ಬದ ದಿನ ಅಷ್ಟಾ" ಎಂದರು ಮೂಕಪ್ಪನವರು.

"ಹಬ್ಬಾನೂ ಇಲ್ಲ ಹುಣ್ಣಿಮೀನೂ ಇಲ್ಲ. ಕುತ್ತಿಗಿ ತನಕ ಕುಡದು, ನಾಕು ಮಂದಿ ಎಳದ್ರೂ ಏಳಂಗಿಲ್ಲ."

ಮೂಕಪ್ಪನವರ ಮುಖ ಸಂಡೂರಿನ ಅದಿರಿನ ಬಣ್ಣಕ್ಕೆ ತಿರುಗಿತು. ಅವರು ಬಾಯಿ ಮುಚ್ಚಿದ್ದನ್ನು ನಾನು ಮೊದಲ ಸಲ ಕಂಡೆ. ಮತ್ತೆ ತೆರೆದಾಗ ಮಾತು ನನ್ನ ಕಡೆಗಿರಲಿಲ್ಲ.

"ದುರ್ಗಮ್ಮಾರ, ಹೊರಗ ಬರ್ರಿ. ನಿಮ್ಮ ಸಂಘದೋರು ಪಾರ್ಕು ಮರತುಬಿಡ್ರಿ. ನನ್ನ ಮಾನ ಕಳಿಯೋರ ಮನಿಗೆ ನಾ ಕೆಲಸ ಕೊಡಂಗಿಲ್ಲ."

ದುರ್ಗಾ ಕೈಯಲ್ಲಿ ರೊಟ್ಟಿಯ ಹಿಟ್ಟು ಹಿಡಿದೇ ಹೊರಬಂದಳು. ಮೂಕಪ್ಪನವರನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಕಿಟಕಿಯ ಜಂಬಕ್ಕನನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಆ ನೋಟದ ವರ್ಣನೆ ಬೇಡ. ತಟ್ಟೆಯನ್ನು ಎತ್ತಿ ಮೂಕಪ್ಪನವರ ಮೂಗಿನ ಕೆಳಗೆ ಹಿಡಿದಳು.

"ಸಾಹೇಬ್ರ, ಇವರು ಬೈದದ್ದು ಈ ಕಾರ್ಪೊರೇಟರ್‌ಗೆ. ಹುಲ್ಲು ಕೊಯ್ಯೋ ಮಷಿನ್ನಿಂದು. ನಿಮಗಲ್ರಿ."

ಮೂಕಪ್ಪನವರು ಒಂದು ತುಂಡನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಇದಕ್ಕೂ ಕಾರ್ಪೊರೇಟರ್ ಅಂತಾರ?"

"ಎಲ್ಲಾ ಗ್ಯಾರೇಜಿನ್ಯಾಗೂ ಹಂಗ ಅಂತಾರ್ರಿ."

"ಇಷ್ಟು ಸಣ್ಣದಕ್ಕ?" ಎಣ್ಣೆಯ ಮಾತಿಗಿಂತ ಇದು ಅವರಿಗೆ ಹೆಚ್ಚು ನೋವಾದಂತೆ ಕಂಡಿತು. ಸ್ವಲ್ಪ ತಡೆದು ಕೇಳಿದರು. "ಇದು ಇಲ್ಲದ ಮಷಿನ್ ನಡೆಯಂಗಿಲ್ಲೇನು?"

"ಒಂದು ಸುತ್ತೂ ತಿರುಗಂಗಿಲ್ರಿ" ಎಂದೆ.

"ಹಂಗಾದ್ರ ಹೆಸರು ಬರೋಬ್ಬರಿ ಇಟ್ಟಾರ." ಅಂಗಿ ಸರಿಮಾಡಿಕೊಂಡರು. "ನಾಳೆ ಮುಂಜಾನಿ ಮಷಿನ್ ಸ್ಟಾರ್ಟ್ ಆತಂದ್ರ ನೀ ಹೇಳಿದ್ದು ಖರೇ, ಪಾರ್ಕು ನಿಮ್ಮದು. ಆಗಲಿಲ್ಲಂದ್ರ ಇದೆಲ್ಲಾ ಕಟ್ಟಿದ ಕಥಿ. ಕಂಪ್ಲಿಯವನಿಗೆ ಫೋನ್ ಹಚ್ಚತೀನಿ."

ಜನ ಚದುರಿದರು. ಮಾವ ನನ್ನ ಹತ್ತಿರ ಬಗ್ಗಿ "ಅಂದ್ರ ಎಲೆಕ್ಷನ್ ಇಲ್ಲೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಉಳಿದ ಬಾಳೆಹಣ್ಣಿನ ಚಿಪ್ಪನ್ನು ಒಳಗೆ ಒಯ್ದಿಟ್ಟರು.

ದುರ್ಗಾ ಎದುರು ಬಂದು ನಿಂತಳು. "ಮಷಿನ್ ಸುದ್ದ ಮಾಡೀರೋ ಇಲ್ಲೋ?"

"ಮಾಡೀನಿ."

"ಮತ್ತ ತಟ್ಟ್ಯಾಗ ಇನ್ನೂ ಯಾಕೈತಿ ಇದು?"

"ಒಣಗಬೇಕು. ಆಮ್ಯಾಲೆ ಕೂಡಸ್ತೀನಿ."

"ನೋಡ್ರಿ, ಚೆನ್ನಬಸಮ್ಮ ನಾಳೆಯಿಂದ ಗಾಡಿಗೆ ಬರಂಗಿಲ್ಲ ಅಂತ ಮೇಸ್ತ್ರಿಗೆ ಹೇಳಿ ಬಂದಾಳ. ನಾವು ಎಲ್ಲಾರೂ ಹೇಳೀವಿ. ನಿಮ್ಮ ಮಾತು ನಂಬಿ."

ನಾನು ಕೆಮ್ಮಿದೆ. ಈ ಸಲ ಗಂಟಲಲ್ಲಿ ನಿಜವಾಗಿಯೂ ಏನೋ ಸಿಕ್ಕಿತ್ತು.

ಸೋಮವಾರ ಬೆಳಿಗ್ಗೆ ಪಾರ್ಕಿನಲ್ಲಿ ಜನವೋ ಜನ. ಸಂಘದವರೆಲ್ಲ ಒಂದೇ ಬಣ್ಣದ ಸೀರೆ ಉಟ್ಟು ನಿಂತಿದ್ದರು. ನಾನು ಮಷಿನ್ ಹೊತ್ತು ತಂದು, ಅಂಗಾತ ಮಲಗಿಸಿ, ಹಗ್ಗ ಎಳೆದೆ. ಕಟಕ್ ಎಂದಿತು. ಮತ್ತೆ ಎಳೆದೆ. ಕಟಕ್. ಬೆವರು ಇಳಿಯತೊಡಗಿತು.

"ಇನ್ನೂ ನಿದ್ದ್ಯಾಗೈತಿ ಕಾರ್ಪೊರೇಟರ್" ಎಂದಳು ಜಂಬಕ್ಕ.

"ಜಂಬಕ್ಕ, ಮಷಿನ್ನಿಂದು ಅಂತ ಹೇಳಿ ಮಾತಾಡು" ಎಂದರು ಮೂಕಪ್ಪನವರು.

ಮಾವ ಎಳೆದರು, ಚೆನ್ನಬಸಮ್ಮ ಎಳೆದಳು. ದುರ್ಗಾ ಮಾತ್ರ ಮುಂದೆ ಬರಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಮೂಕಪ್ಪನವರು ಫೋನ್ ತೆಗೆದು ಕಂಪ್ಲಿಯವನ ಹೆಸರು ಹುಡುಕಿದರು. ಆಗ ಹಂಪೇಶ ಅಡ್ಡ ಬಂದ.

"ಅಣ್ಣಾರ, ಒಂದು ಫೋಟೋ ಆದ್ರೂ ಆಗಲಿ. ನೀವು ಹಗ್ಗ ಎಳದಂಗ."

ಫೋಟೋ ಎಂದರೆ ಮೂಕಪ್ಪನವರು ಬಾವಿಗೂ ಇಳಿಯುತ್ತಾರೆ. ಒಂದು ಕೈಯಲ್ಲಿ ಮಷಿನ್ನಿನ ಹಿಡಿಕೆ ಬಿಗಿಯಾಗಿ ಹಿಡಿದು, ಕ್ಯಾಮೆರಾ ನೋಡಿ ನಕ್ಕು, ಇನ್ನೊಂದು ಕೈಯಿಂದ ಹಗ್ಗ ಜಗ್ಗಿದರು.

ಬರ್ರ್ ಎಂದು ಮಷಿನ್ ಎದ್ದಿತು. ಹುಲ್ಲು ಆಕಾಶಕ್ಕೆ ಹಾರಿತು. ಬಿಳಿ ಪ್ಯಾಂಟು ಮೊಣಕಾಲಿನವರೆಗೆ ಹಸಿರಾಯಿತು. ಚೆನ್ನಬಸಮ್ಮ ಓಡಿ ಬಂದು ಮಷಿನ್ನನ್ನು ಅವರ ಕೈಯಿಂದ ಬಿಡಿಸಿಕೊಂಡು, ಹೆಗಲಿಗೆ ಹಾಕಿ, ನಿಂತ ನಿಲುವಿನಲ್ಲೇ ಒಂದು ಸಾಲು ಕೊಯ್ದುಬಿಟ್ಟಳು.

"ಕಾರ್ಪೊರೇಟರ್ ಕೆಲಸ ಮಾಡಿದ್ದು ಇದಾ ಮೊದಲು" ಎಂದಳು ಜಂಬಕ್ಕ. ಯಾವ ಕಾರ್ಪೊರೇಟರ್ ಎಂದು ಈ ಸಲ ಯಾರೂ ಕೇಳಲಿಲ್ಲ.

ಮೂಕಪ್ಪನವರು ತಮಗಾಗಿ ತರಿಸಿದ್ದ ಶಾಲನ್ನು ನನಗೆ ಹೊದಿಸಿದರು. ನಾನು ನಾಲ್ಕು ಮಾತಾಡಿದೆ. ಕಾರ್ಪೊರೇಟರ್ ಎಂಬುದು ಹೂವಿನಷ್ಟು ಸೂಕ್ಷ್ಮ, ಅದನ್ನು ಬಿಚ್ಚಿ ಕೂಡಿಸಲು ಏಳು ಜನ್ಮದ ಪುಣ್ಯ ಬೇಕು, ಹೊಸಪೇಟೆ ತಾಲೂಕಿನಲ್ಲಿ ಆ ಪುಣ್ಯ ಇರುವವನು ಒಬ್ಬನೇ ಎಂದೆ. ದುರ್ಗಾ ಕೂಡ ನಕ್ಕಳು. ಕಥೆಯನ್ನು ಇಲ್ಲಿಗೇ ಮುಗಿಸಬೇಕೆಂದು ನನಗೆ ಎಷ್ಟು ಆಸೆಯಿತ್ತು ಎಂಬುದನ್ನು ನೀವು ಊಹಿಸಲಾರಿರಿ.

ಆದರೆ ಮೆಟ್ರಿಯಲ್ಲಿ ಮಾವನ ಗದ್ದೆಗೆ ಅಂದು ಕಾಲುವೆ ನೀರಿನ ಸರದಿ. ಅವರು ಮನೆಗೆ ಹೋಗಿ, ತಾಡಪತ್ರಿಯ ಕಲ್ಲುಗಳನ್ನು ಸರಿಸಿ, ಮೊಪೆಡ್ಡನ್ನು ತಳ್ಳಿಕೊಂಡು ಪಾರ್ಕಿನ ಗೇಟಿಗೆ ಬಂದು, ಎಲ್ಲರಿಗೂ ಕೈ ಮುಗಿದು, ಪೆಡಲ್ ತುಳಿದರು. ತುಳಿದರು. ಇನ್ನೂ ತುಳಿದರು.

"ಯಾಕ ಕಷ್ಟಪಡ್ತೀರಿ ಹಿರಿಯಾರ" ಎಂದರು ಮೂಕಪ್ಪನವರು. "ಶಾಲು ಹೊದ್ದು ನಿಂತಾರಲ್ಲ ನಿಮ್ಮ ಅಳಿಯಂದ್ರು."

ನಾನು ಶಾಲನ್ನು ಮುಖದವರೆಗೆ ಎಳೆದುಕೊಂಡೆ. ಮಾವ ಬಗ್ಗಿ ಎಂಜಿನ್ ನೋಡಿದರು. ಪೆಟ್ರೋಲ್ ಪೈಪಿನ ತುದಿಗೆ ಏನೋ ನೀಲಿ ಕಂಡಿತು. ಹಿಡಿದು ಎಳೆದರು. ಪೆಟ್ರೋಲು ಅವರ ಧೋತರದ ಮೇಲೆ ಸುರಿಯಿತು. ಕೈಯಲ್ಲಿದ್ದ ಬಟ್ಟೆಯನ್ನು ನಿಧಾನವಾಗಿ ಬಿಡಿಸಿ, ಎಲ್ಲರಿಗೂ ಕಾಣುವಂತೆ ಹಿಡಿದರು. ಹಳದಿ ದಾರದಲ್ಲಿ 'ಹಂಪಿ' ಎಂದಿತ್ತು.

"ಅಳಿಯಂದ್ರ" ಎಂದರು ಮಾವ ಬಹಳ ಶಾಂತವಾಗಿ. "ಯಾತ್ರಿಕರು ಸಾಲಲಿಲ್ಲ ಅಂತ ನನ್ನ ಗಾಡಿಗೂ ಟೋಪಿ ಹಾಕಿದ್ರೇನ್ರಿ?"

ಸಿಕ್ಕಿಬಿದ್ದೆ. ಇನ್ನು ಹೇಳಿಬಿಡುತ್ತೇನೆ. ಶನಿವಾರ ಕತ್ತಲಲ್ಲಿ ನಾನು ತಾಡಪತ್ರಿಯೊಳಗೆ ಕೈ ಹಾಕಿ ಕಿತ್ತದ್ದು ಮಾವನ ಮೊಪೆಡ್ಡಿನ ಕಾರ್ಪೊರೇಟರನ್ನು. ಭಾನುವಾರ ಹಗಲಲ್ಲಿ ನೋಡಿದರೆ ಹುಲ್ಲಿನ ಮಷಿನ್ನಿನದು ಅದರ ಜಾಗದಲ್ಲೇ ಕುಳಿತು ನನ್ನನ್ನು ನೋಡುತ್ತಿತ್ತು. ಮೊಪೆಡ್ಡಿಗೆ ತಿರುಗಿ ಕೂಡಿಸೋಣವೆಂದರೆ ಸ್ಪ್ರಿಂಗಿಲ್ಲ. ಮಷಿನ್ನಿಗೆ ಕೈ ಹಚ್ಚುವ ಧೈರ್ಯವಿಲ್ಲ. ಅದಕ್ಕೇ ಕಲ್ಲಿಟ್ಟು ಮುಚ್ಚಿದ್ದು.

"ಹಂಗಾದ್ರ ಮಷಿನ್ ಹೆಂಗ ಚಾಲೂ ಆತು?" ಎಂದಳು ದುರ್ಗಾ.

ಅದನ್ನೂ ಹೇಳಿದೆ. ಹಿಡಿಕೆಯ ಮೇಲೆ ಕೆಂಪು ಸ್ವಿಚ್ಚೊಂದಿದೆ. ಯಾರೋ ಧೂಳು ಒರೆಸುವಾಗ ಅದು ಬಂದ್ ಕಡೆಗೆ ಸರಿದಿರಬೇಕು. ಫೋಟೋಕ್ಕೆಂದು ಮೂಕಪ್ಪನವರು ಬಿಗಿಯಾಗಿ ಹಿಡಿದಾಗ ಅವರ ಹೆಬ್ಬೆರಳು ಅದನ್ನು ಚಾಲೂ ಕಡೆಗೆ ತಳ್ಳಿತು. ನಾನು ಕಣ್ಣಾರೆ ಕಂಡೆ. ಮಷಿನ್ನಿಗೆ ಯಾವ ರೋಗವೂ ಇರಲಿಲ್ಲ. ನಾನು ಮುಟ್ಟಿದ್ದರೆ ಬರುತ್ತಿತ್ತು.

"ಅಂದ್ರ ಚಾಲೂ ಮಾಡಿದವ ನಾನು" ಎಂದ ಮೂಕಪ್ಪನವರು ನನ್ನ ಮೈಮೇಲಿನ ಶಾಲನ್ನು ತೆಗೆದು ತಾವೇ ಹೊದ್ದುಕೊಂಡರು. "ದುರ್ಗಮ್ಮಾರ, ಪಾರ್ಕು ನಿಮ್ಮ ಸಂಘಕ್ಕ. ಆದ್ರ ಈ ಮನಿಷಾ ಮಷಿನ್ ಹತ್ರ ಸುಳೀಬಾರದು."

"ಗೇಟಿನ ಒಳಗೂ ಬಿಡಂಗಿಲ್ರಿ" ಎಂದಳು ದುರ್ಗಾ. ಆ ಮಾತನ್ನು ಅವಳು ಇಂದಿಗೂ ಪಾಲಿಸುತ್ತಿದ್ದಾಳೆ. ಪಾರ್ಕಿನ ಹುಲ್ಲು ಈಗ ಚಾಪೆಯಂತಿದೆ, ಗೇಟಿನ ಹೊರಗಿನಿಂದ ನೋಡಿದ್ದೇನೆ.

ಮಾವ ಟೋಪಿಯನ್ನು ಹಿಂಡಿ, ನನ್ನ ತಲೆಗೆ ಹಾಕಿ, ಮೊಪೆಡ್ಡಿನ ಮುಂದೆ ನಿಲ್ಲಿಸಿದರು. "ಕೆಮ್ಮರಿ ಅಳಿಯಂದ್ರ" ಎಂದರು. "ಯಶವಂತನಗರದ ತನಕ ಹೋಗೋ ಕೆಮ್ಮು, ಇಲ್ಲಿ ಮಾರುದ್ದ ಬರಂಗಿಲ್ಲೇನು?"

ಓಣಿಯೆಲ್ಲ ಕಿವಿಗೊಟ್ಟು ನಿಂತಿತ್ತು. ಕೆಮ್ಮಿದೆ. ಮೊಪೆಡ್ ಅಲುಗಲಿಲ್ಲ. ಅದನ್ನು ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋದವನು ನಾನೇ.

ಯಶವಂತನಗರದ ಆ ಲಾರಿಯೂ ಕೆಟ್ಟಿರಲಿಲ್ಲ. ಡ್ರೈವರ್ ಚಹ ಕುಡಿಯಲು ಹೋಗಿದ್ದ.